ಕಂಪ್ಯೂಟರಿನಲ್ಲಿ ಕಾಣದ ಕೆಲಸಗಾರ

ಕರೆಂಟು ಹೋಗಿ ಬರುವುದು ಕ್ಯಾಸಂಬಳ್ಳಿ ಕಡೆಯವರಿಗೆ ಹೊಸದೇನಲ್ಲ. ಬಂದ ಮೇಲೆ ಡೇರಿಯ ಕಂಪ್ಯೂಟರ್ ಆನ್ ಆಗುತ್ತದೆ, ತೂಕದ ಯಂತ್ರವೂ ಅಂಕಿ ತೋರಿಸುತ್ತದೆ. ಆದರೂ ಆ ಅಂಕಿ ಕಂಪ್ಯೂಟರಿಗೆ ಬರುವುದಿಲ್ಲ! ಯಂತ್ರ ಕೆಟ್ಟಿತೆಂದು ಗಾಬರಿಪಡಬೇಡಿ. ತೂಕ, ಜಿಡ್ಡು, ಎಸ್.ಎನ್.ಎಫ್. ಅಂಕಿಗಳನ್ನು ಯಂತ್ರಗಳಿಂದ ತಂದೊಪ್ಪಿಸುವ ಪ್ರೋಗ್ರಾಂ ಕೆಲವು ಕಂಪ್ಯೂಟರುಗಳಲ್ಲಿ ಪರದೆಯ ಮೇಲೆ ಕಾಣದೆ ನಡೆಯುತ್ತಿರುತ್ತದೆ. ಅದಕ್ಕೆ ‘ಸರ್ವಿಸ್’ ಎನ್ನುತ್ತಾರೆ. ಅದು ನಿಂತಿರಬಹುದು.

ವಿಂಡೋಸ್ ಕಂಪ್ಯೂಟರಾದರೆ ಕಾರ್ಯದರ್ಶಿಯವರು ‘ಸರ್ವಿಸಸ್’ ಪಟ್ಟಿ ತೆರೆದು, ಅದರ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಸ್ಟಾರ್ಟ್’ ಕೊಡಬೇಕು. ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಆಟೋಮ್ಯಾಟಿಕ್’ ಇಟ್ಟರೆ ಮುಂದೆ ಕಂಪ್ಯೂಟರಿನ ಜೊತೆಗೆ ತಾನೇ ಶುರುವಾಗುತ್ತದೆ.

ಅಲ್ಲಿಯವರೆಗೆ ಅಂಕಿಗಳನ್ನು ಕೈಯಲ್ಲೇ ಹಾಕುವುದುಂಟು. ಆಗ ಯಂತ್ರದ ಮೇಲೆ ನಿಮ್ಮ ಕಣ್ಣಿರಲಿ. ಜಿಡ್ಡಿನ ಒಂದು ಅಂಕಿ ತಪ್ಪಿದರೂ ಬಟವಾಡೆಯಲ್ಲಿ ನಷ್ಟ ನಿಮಗೇ. ಚೀಟಿ ಕೈಗೆ ಬಂದೊಡನೆ ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಅಲ್ಲೇ ಕೇಳಿ.