ಮಳೆಗಾಲದ ಹಾವಿನ ಮರಿ: ಗುರುತು, ಆರೈಕೆ ಮತ್ತು ಅಹಿಂಸಾಣುವ್ರತ

ಮೊದಲ ಮಳೆಗಳು ಬಿದ್ದು ನೆಲ ತಣಿದ ಮೇಲೆ ಕರ್ನಾಟಕದ ಹಳ್ಳಿ ಪಟ್ಟಣಗಳ ಅನೇಕ ಮನೆಗಳಲ್ಲಿ ಒಂದು ಪ್ರಸಂಗ ತಪ್ಪದೆ ಒದಗುತ್ತದೆ. ಬಚ್ಚಲ ಮೂಲೆಯಲ್ಲೋ, ಕಟ್ಟಿಗೆಯ ಒಟ್ಟಿಲಿನ ಕೆಳಗೋ, ತೆಂಗಿನ ಸಿಪ್ಪೆಯ ರಾಶಿಯಲ್ಲೋ ಗೇಣುದ್ದದ ಹಾವಿನ ಮರಿಯೊಂದು ಕಣ್ಣಿಗೆ ಬೀಳುತ್ತದೆ. ಮನೆಯವರಲ್ಲಿ ಒಬ್ಬರು ಕೋಲಿಗಾಗಿ ಓಡುತ್ತಾರೆ. ಇನ್ನೊಬ್ಬರು, "ಪಾಪ, ಎಳೆಯದು, ತಾಯಿ ಬಿಟ್ಟುಹೋಗಿದೆ" ಎಂದು ಹಾಲಿನ ಬಟ್ಟಲು ಹಿಡಿದು ಬರುತ್ತಾರೆ. ಮೊದಲನೆಯದು ಹಿಂಸೆಯೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎರಡನೆಯದೂ ಬಹುಮಟ್ಟಿಗೆ ಹಿಂಸೆಯಲ್ಲಿಯೇ ಮುಗಿಯುತ್ತದೆಂಬುದು ಅನೇಕ ಸಜ್ಜನರಿಗೆ ತಿಳಿಯದು.

ಈ ಕಾಲಕ್ಕೆ ಮರಿಗಳು ಹೆಚ್ಚಾಗಿ ಕಾಣುವುದಕ್ಕೆ ಕಾರಣ ಸ್ಪಷ್ಟವಾಗಿದೆ. ನಾಗರಹಾವು ಬೇಸಿಗೆಯಲ್ಲಿ ಇಲಿಯ ಬಿಲದಲ್ಲಿಯೋ ಹುತ್ತದಲ್ಲಿಯೋ ಸಾಮಾನ್ಯವಾಗಿ 10ರಿಂದ 30 ಮೊಟ್ಟೆಗಳನ್ನಿಡುತ್ತದೆ. ಅವು ಒಡೆಯಲು ಸುಮಾರು 50ರಿಂದ 70 ದಿನಗಳು ಬೇಕು. ಹೀಗಾಗಿ ಮರಿಗಳು ಹೊರಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಗೊದಮೊಟ್ಟೆ, ಕಪ್ಪೆಮರಿ, ಹಲ್ಲಿಗಳು ಎಲ್ಲೆಡೆ ಸಮೃದ್ಧವಾಗಿರುತ್ತವೆ. ಕೊಳಕುಮಂಡಲವು ಮೊಟ್ಟೆಯಿಡದೆ ಒಡಲೊಳಗೇ ಬೆಳೆಸಿ, ಹೆಚ್ಚಾಗಿ ಜೂನ್ ಜುಲೈ ತಿಂಗಳುಗಳಲ್ಲಿ, ಒಮ್ಮೆಗೆ 20ರಿಂದ 40 ಮರಿಗಳನ್ನು ಹೆರುತ್ತದೆ. ಜೀವರಾಶಿ ನೆಲದ ಮೇಲೆ ಹೆಚ್ಚುವುದರಿಂದಲೇ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ಚಾತುರ್ಮಾಸ್ಯದಲ್ಲಿ ನೆಲೆಸುವ ಕಾಲವೂ ಇದೇ.

ಮರಿಯೊಂದು ಒಂಟಿಯಾಗಿ ಕಂಡಿತೆಂದ ಮಾತ್ರಕ್ಕೆ ಅದು ಅನಾಥವಲ್ಲ. ಹೆಣ್ಣು ನಾಗರವು ಮೊಟ್ಟೆಗಳ ಬಳಿ ಕಾವಲಿರುವುದುಂಟು. ಹೆಬ್ಬಾವು ಮೊಟ್ಟೆಗಳನ್ನು ಸುತ್ತಿ ಮಲಗುತ್ತದೆ. ಆದರೆ ಮರಿಗಳಿಗೆ ಉಣಿಸಿ ಸಾಕುವ ಕ್ರಮ ಇವುಗಳಲ್ಲಿಲ್ಲ. ಹುಟ್ಟಿದ ದಿನದಿಂದಲೇ ಮರಿ ಸ್ವತಂತ್ರ. ಮೊಟ್ಟೆಯ ಹಳದಿಯ ಶೇಷಭಾಗ ಅದರ ಹೊಟ್ಟೆಯಲ್ಲಿಯೇ ಉಳಿದಿದ್ದು, ಮೊದಲ ಪೊರೆ ಕಳಚುವವರೆಗೆ, ಅಂದರೆ ಸುಮಾರು ಒಂದು ವಾರದಿಂದ ಹತ್ತು ದಿನಗಳವರೆಗೆ, ಬಹುತೇಕ ಮರಿಗಳು ಏನನ್ನೂ ತಿನ್ನುವುದಿಲ್ಲ. (ಇದನ್ನು ಉಪವಾಸವೆಂದು ಕೊಂಡಾಡುವವರೂ ಇದ್ದಾರೆ. ಉಪವಾಸಕ್ಕೆ ಪ್ರತ್ಯಾಖ್ಯಾನ ಬೇಕು, ತ್ಯಜಿಸುವ ಬುದ್ಧಿ ಬೇಕು. ಹೊಟ್ಟೆಯಲ್ಲಿ ಬುತ್ತಿಯಿರುವ ಜೀವವು ಉಣ್ಣದಿರುವುದು ಬೇರೆಯೇ ಮಾತು.)

ಇನ್ನು ಗುರುತಿನ ವಿಷಯ. ಹಾವಿನ ಜಾತಿಯನ್ನು ನಿಶ್ಚಯವಾಗಿ ತಿಳಿಯಲು ತಲೆಯ ಮೇಲಿನ ಹಾಗೂ ಬೆನ್ನಿನ ನಡುಸಾಲಿನ ಹುರುಪೆಗಳನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಗೇಣುದ್ದದ ಮರಿಯಲ್ಲಿ ಈ ಪರೀಕ್ಷೆ ಗೃಹಸ್ಥರು ಮಾಡತಕ್ಕದ್ದಲ್ಲ. ನಾಲ್ಕಾರು ಹೆಜ್ಜೆಯ ಅಂತರದಿಂದ ಕಾಣುವ ಚಿಹ್ನೆಗಳಷ್ಟನ್ನೇ ಇಲ್ಲಿ ವಿವರಿಸಲಾಗಿದೆ.

ಅತ್ಯಂತ ಹೆಚ್ಚಿನ ಗೊಂದಲವಿರುವುದು ಅಡ್ಡಪಟ್ಟೆಯ ಮರಿಗಳಲ್ಲಿ. ಕಟ್ಟುಹಾವಿನ ಮೈ ಹೊಳೆಯುವ ಕಪ್ಪು. ಅದರ ಮೇಲೆ ತೆಳುವಾದ ಬಿಳಿಯ ಪಟ್ಟೆಗಳು ಬಹುಮಟ್ಟಿಗೆ ಜೋಡಿಜೋಡಿಯಾಗಿರುತ್ತವೆ. ತಲೆಯಿಂದ ಸ್ವಲ್ಪ ಹಿಂದಕ್ಕೆ ಆರಂಭವಾಗಿ ಬಾಲದ ತುದಿಯವರೆಗೂ ಅವು ಸ್ಪಷ್ಟವಾಗಿರುತ್ತವೆ. ವಿಷವಿಲ್ಲದ ತೋಳಹಾವಿನಲ್ಲಿ ಪಟ್ಟೆಗಳು ಕುತ್ತಿಗೆಯಿಂದಲೇ ಆರಂಭವಾಗಿ ಬಾಲದತ್ತ ಮಾಸುತ್ತ ಹೋಗುತ್ತವೆ. ಮೈಬಣ್ಣ ಸಾಮಾನ್ಯವಾಗಿ ಕಂದು, ತಲೆ ಚಪ್ಪಟೆ. ತೋಳಹಾವು ಹಲ್ಲಿಗಳನ್ನರಸುತ್ತ ಒರಟು ಗೋಡೆಯನ್ನು ಸಲೀಸಾಗಿ ಏರುತ್ತದೆ. ಕಟ್ಟುಹಾವು ನೆಲವನ್ನೇ ಹಿಡಿದು ಸಾಗುವುದು ಹೆಚ್ಚು. ಪುಸ್ತಕಗಳಲ್ಲಿ ಓದಲು ಈ ಭೇದ ಸುಲಭವಾಗಿ ತೋರುತ್ತದೆ. ಆದರೆ ಕಟ್ಟುಹಾವಿನ ಎಳೆಯ ಮರಿಗಳಲ್ಲಿ ಕುತ್ತಿಗೆಯ ಬಳಿಯೂ ಬಿಳಿಯ ಚುಕ್ಕೆಗಳೋ ಗೆರೆಗಳೋ ಇರುವುದುಂಟು. ಪೊರೆ ಬಿಡುವ ಮುನ್ನ ಮೈಬಣ್ಣವೆಲ್ಲ ಮಂಕಾಗಿರುತ್ತದೆ. ರಾತ್ರಿಯ ದೀಪದ ಬೆಳಕಿನಲ್ಲಿ ಕಂದು ಯಾವುದು, ಕಪ್ಪು ಯಾವುದು ಎಂದು ಹೇಳುವುದೂ ಕಠಿಣವೇ. ಆದುದರಿಂದ ಪಟ್ಟೆಯಿರುವ ಮರಿಯನ್ನು ಕಟ್ಟುಹಾವೆಂದೇ ಭಾವಿಸಿ ದೂರ ನಿಲ್ಲುವುದು ವಿವೇಕ. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಬಾವಾಗಲಿ ಬಹಳ ಕಡಿಮೆ; ನಿದ್ದೆಯಲ್ಲಿ ಕಚ್ಚಿಸಿಕೊಂಡವರಿಗೆ ಕೆಲವೊಮ್ಮೆ ಅದು ಗೊತ್ತೇ ಆಗುವುದಿಲ್ಲ.

ಮಚ್ಚೆಯುಳ್ಳ ಮರಿಗಳಲ್ಲಿ ಕೊಳಕುಮಂಡಲವನ್ನು ಹೆಬ್ಬಾವಿನ ಮರಿಯೆಂದೋ ಮಣ್ಣುಮುಕ್ಕ ಹಾವೆಂದೋ ತಿಳಿದು ಕೈಯಲ್ಲೆತ್ತಿಕೊಂಡು ಅನಾಹುತ ಮಾಡಿಕೊಂಡವರುಂಟು. ಕೊಳಕುಮಂಡಲದ ಬೆನ್ನಿನುದ್ದಕ್ಕೂ ಸರಪಳಿಯ ಕೊಂಡಿಗಳಂತೆ ದುಂಡಗಿನ, ಕಪ್ಪಂಚಿನ ಮಚ್ಚೆಗಳ ಮೂರು ಸಾಲುಗಳಿರುತ್ತವೆ. ತಲೆ ತ್ರಿಕೋಣಾಕಾರ, ಕುತ್ತಿಗೆ ಸಣ್ಣ. ಹೆಣೆದು ಬಿಟ್ಟಂತಿರುವ ಕ್ರಮಬದ್ಧ ಮಚ್ಚೆಗಳು ಕಂಡರೆ ಸಂದೇಹವಿಟ್ಟುಕೊಳ್ಳಬೇಕಾಗಿಲ್ಲ. ಮಣ್ಣುಮುಕ್ಕನ ಮಚ್ಚೆಗಳು ಅಡ್ಡಾದಿಡ್ಡಿ, ಬಾಲ ಮೊಂಡು. ಹೆಬ್ಬಾವಿನ ಮರಿ ಹುಟ್ಟುವಾಗಲೇ ಒಂದೂವರೆ ಅಡಿಗೂ ಮಿಕ್ಕಿರುತ್ತದೆ. ಒಣ ಪ್ರದೇಶಗಳ ಗರಗಸ ಮಂಡಲದ ವಿಷಯ ಬೇರೆ: ಅದು ಪೂರ್ಣವಾಗಿ ಬೆಳೆದರೂ ಒಂದು ಒಂದೂವರೆ ಅಡಿಯಷ್ಟೇ ಇರುವುದರಿಂದ ಅದನ್ನೇ ಮರಿಯೆಂದು ಜನ ತಪ್ಪು ತಿಳಿಯುತ್ತಾರೆ. ಮೈಯ ಸುರುಳಿಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂತಹ ಸದ್ದು ಮಾಡುವುದು ಅದರ ಲಕ್ಷಣ.

ನಾಗರದ ಮರಿ ಮೊಟ್ಟೆಯಿಂದ ಹೊರಬಂದ ಕೂಡಲೇ ಹೆಡೆಯೆತ್ತಬಲ್ಲದು. ಆದರೆ ಹೆಡೆಯಂತೆ ಕುತ್ತಿಗೆಯನ್ನು ಅಗಲಿಸುವುದು ನಿರ್ವಿಷವಾದ ನೀರುಹಾವಿನ ಮರಿಗೂ ಬರುತ್ತದೆ. ಕಣ್ಣಿನ ಕೆಳಗೆ ಮತ್ತು ಹಿಂದೆ ಓರೆಯಾಗಿ ಇಳಿಯುವ ಎರಡು ಕಪ್ಪು ಗೆರೆಗಳಿಂದ ಅದನ್ನು ಗುರುತಿಸುತ್ತಾರೆ. ಕೇರೆಹಾವಿನ ಮರಿ ತೆಳ್ಳಗೆ, ಉದ್ದಕ್ಕೆ, ದೊಡ್ಡ ಕಣ್ಣುಗಳಿಂದ ಕೂಡಿದ್ದು ಕಂಡೊಡನೆ ಓಡುವುದೇ ಹೆಚ್ಚು. ಬಚ್ಚಲಿನಲ್ಲಿ ಆಗಾಗ ಸಿಗುವ, ಎರೆಹುಳುವಿನಂತೆ ಹೊಳೆಯುತ್ತ ಹೊರಳಾಡುವ ಕಪ್ಪು ಜೀವಿ ಮರಿಯೇ ಅಲ್ಲ. ಅದು ಹುಳುಹಾವು, ಪ್ರಾಯಕ್ಕೆ ಬಂದರೂ ಗೇಣಿಗೆ ಮೀರುವುದು ಅಪರೂಪ. ಇರುವೆ ಗೆದ್ದಲುಗಳ ಮೊಟ್ಟೆಗಳೇ ಅದರ ಆಹಾರ. ಮನುಷ್ಯನಿಗೆ ಅದರಿಂದ ಯಾವ ಬಾಧೆಯೂ ಇಲ್ಲದಿದ್ದರೂ ಬಚ್ಚಲಿಗೆ ಕುದಿನೀರು, ಸೀಮೆಎಣ್ಣೆ, ಉಪ್ಪು ಸುರಿದು ಅದನ್ನು ಕೊಲ್ಲುವ ಪದ್ಧತಿ ಇನ್ನೂ ನಿಂತಿಲ್ಲ. ಕಾಗದದ ಮೇಲೆ ಹತ್ತಿಸಿಕೊಂಡು ತೋಟದ ಹಸಿಮಣ್ಣಿಗೆ ಬಿಟ್ಟರೆ ಕೆಲಸ ಮುಗಿಯಿತು.

ಮರಿಹಾವಿನ ವಿಷ ದೊಡ್ಡದರ ವಿಷಕ್ಕಿಂತ ಘೋರವೆಂಬ ಮಾತು ಪ್ರಚಾರದಲ್ಲಿದೆ, ಅದಕ್ಕೆ ಆಧಾರವಿಲ್ಲ. ಮರಿಯಲ್ಲಿ ವಿಷದ ಪ್ರಮಾಣ ಕಡಿಮೆ. ಹಾಗೆಂದು ಅಲಕ್ಷಿಸುವುದೂ ತಪ್ಪು: ವಿಷಸರ್ಪದ ಮರಿ ಹುಟ್ಟಿದಂದೇ ವಿಷವನ್ನು ಪಡೆದಿರುತ್ತದೆ, ಅಷ್ಟು ವಿಷವೂ ಪ್ರಾಣಾಪಾಯಕ್ಕೆ ಸಾಕಾಗಬಹುದು. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಮಡಿದರೆಂದು ಒಂದು ವಿಸ್ತಾರವಾದ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಮರಿ ಕಚ್ಚಿತೆಂದು ಮನೆಮದ್ದಿನಲ್ಲಿ ಕಾಲ ಕಳೆಯದೆ, ಕೊಯ್ಯದೆ, ಹೀರದೆ, ಬಿಗಿಯಾಗಿ ಕಟ್ಟು ಹಾಕದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಕೊಂದು ಕೊಂಡೊಯ್ಯುವ ಅಗತ್ಯ ಚಿಕಿತ್ಸೆಗೆ ಇಲ್ಲ.

ಹಾಗಾದರೆ ಅಹಿಂಸಾಣುವ್ರತವನ್ನು ತೊಟ್ಟ ಗೃಹಸ್ಥನ ಮನೆಯಲ್ಲಿ, ಮಕ್ಕಳು ನೆಲದ ಮೇಲೆ ಮಲಗುವ ಕೋಣೆಯಲ್ಲಿಯೇ ಪಟ್ಟೆಯ ಮರಿಯೊಂದು ಕಂಡರೆ ಮಾಡತಕ್ಕದ್ದೇನು? ಇದನ್ನು ವಿರೋಧಿ ಹಿಂಸೆಯ ಪ್ರಸಂಗವೆಂದು ಹೇಳಿ ಕೋಲೆತ್ತುವವರಿದ್ದಾರೆ. ವಿರೋಧಿ ಹಿಂಸೆಯು ಅನ್ಯೋಪಾಯವಿಲ್ಲದ ಆತ್ಮರಕ್ಷಣೆಗೆ ಸಂಬಂಧಿಸಿದ್ದು. ಗೋಡೆಯ ಮೂಲೆಯಲ್ಲಿ ಸುರುಳಿಸುತ್ತಿ ಮಲಗಿದ ಪಂಚೇಂದ್ರಿಯ ಜೀವದ ಮೇಲೆ ಬಕೆಟ್ಟೊಂದನ್ನು ಬೋರಲು ಹಾಕಲು ಸಾಧ್ಯವಿರುವಲ್ಲಿ ಅದನ್ನು ಕೊಲ್ಲುವುದು ಸಂಕಲ್ಪೀ ಹಿಂಸೆಯೇ ಆಗುತ್ತದೆ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಮೊದಲು ಹೊರಗೆ ಕಳಿಸಬೇಕು. ಒಬ್ಬರು ದೂರ ನಿಂತು ಮರಿಯ ಮೇಲೆ ಕಣ್ಣಿಡಬೇಕು. ಕೈಗೂ ಮರಿಗೂ ಸಾಕಷ್ಟು ಅಂತರವಿದ್ದರೆ ಮಾತ್ರ ಬಕೆಟ್ಟನ್ನು ಮೇಲಿನಿಂದ ಮೆಲ್ಲನೆ ಬೋರಲಿಟ್ಟು ಅದರ ಮೇಲೆ ಕಲ್ಲೋ ಇಟ್ಟಿಗೆಯೋ ಹೇರಬೇಕು. ಬಳಿಕ ಅರಣ್ಯ ಇಲಾಖೆಗೋ ತರಬೇತಿ ಪಡೆದ ಉರಗ ರಕ್ಷಕರಿಗೋ ತಿಳಿಸಬೇಕು. ಫಿನಾಯಿಲು ಸುರಿಯುವುದು, ಹೊಗೆ ಹಾಕುವುದು ಇವು ಮರಿಗೆ ಯಾತನೆ. ಮನೆಯವರಿಗೆ ಅದು ಯಾವ ಸಂದಿಗೆ ಹೊಕ್ಕಿತೆಂಬ ಚಿಂತೆ.

ಮೃದುಹೃದಯರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. 'ಸ್ವಲ್ಪ ಬಲಿತ ಮೇಲೆ ಬಿಡೋಣ' ಎಂದು ಮರಿಯನ್ನು ಗಾಜಿನ ಭರಣಿಯಲ್ಲೋ ಡಬ್ಬಿಯಲ್ಲೋ ಇಟ್ಟುಕೊಳ್ಳುತ್ತಾರೆ. ಹಾಲು ಹಾವಿನ ಆಹಾರವಲ್ಲ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಹಾವಿನ ಹೊಟ್ಟೆಗಿಲ್ಲ. ಬಾಯಾರಿ ಬಳಲಿದ ಹಾವು ಯಾವ ದ್ರವವನ್ನಾದರೂ ಕುಡಿಯುತ್ತದೆ, ಅಷ್ಟೇ. ಮರಿಗೆ ಬೇಕಾದದ್ದು ಹಲ್ಲಿ, ಕಪ್ಪೆಮರಿ, ಇಲಿಮರಿ. ಕಟ್ಟುಹಾವಿಗೆ ಇತರ ಸಣ್ಣ ಹಾವುಗಳೂ ಸೇರಿ. ಇವನ್ನು ಹಿಡಿದು ಕೊಡುವವನು ಕೃತದಿಂದ, ತರಿಸಿಕೊಡುವವನು ಕಾರಿತದಿಂದ, ನೋಡಿ ಮೆಚ್ಚುವವನು ಅನುಮತದಿಂದ ಆ ವಧೆಯಲ್ಲಿ ಪಾಲುಗಾರನಾಗುತ್ತಾನೆ. ಕೊಡದೆ ಸುಮ್ಮನಿದ್ದರೆ ಮರಿ ಕೆಲವು ವಾರಗಳಲ್ಲಿ ಹಸಿವಿನಿಂದ ಸೊರಗುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು, ಅನ್ನಪಾನನಿರೋಧವೇ ಕೊನೆಯದು. ಗಾಜಿನ ಭರಣಿಯಲ್ಲಿ ಈ ಎರಡೂ ಒಟ್ಟಿಗೆ ಸೇರುತ್ತವೆ. ತನ್ನ ನೆಲೆಯಲ್ಲಿ ಸ್ವತಂತ್ರವಾಗಿರುವ ಹಾವು ಕಪ್ಪೆಯನ್ನು ತಿಂದರೆ ಅದರ ಹೊಣೆ ಗೃಹಸ್ಥನದಲ್ಲ. ಇದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರ, ಕೊಳಕುಮಂಡಲ, ಕೇರೆ ಮುಂತಾದವನ್ನು ಅನುಮತಿಯಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೂ ಹೌದು.

ಗಾಯಗೊಂಡ ಮರಿಗೆ ಮಾತ್ರ ಆರೈಕೆಯ ಮಾತು ಸಲ್ಲುತ್ತದೆ. ಅದೂ ಮನೆಯಲ್ಲಿ ಕೆಲವು ಗಂಟೆಗಳ ಮಟ್ಟಿಗೆ. ಹಕ್ಕಿಗಳನ್ನು ತಡೆಯಲು ತೋಟಕ್ಕೆ ಕಟ್ಟುವ ನೈಲಾನ್ ಬಲೆಯಲ್ಲಿ ಸಿಕ್ಕಿಕೊಂಡ ಮರಿಯನ್ನು ಎಳೆದರೆ ಎಳೆಗಳು ಹುರುಪೆಗಳ ಒಳಗೆ ಇಳಿಯುತ್ತವೆ. ಬಲೆಯನ್ನು ಮರಿಯಿಂದ ದೂರದಲ್ಲಿ ಸುತ್ತಲೂ ಕತ್ತರಿಸಿ ಆ ತುಂಡಿನ ಸಮೇತ ಪರಿಣತರಿಗೆ ಒಪ್ಪಿಸುವುದೇ ಸರಿ. ಇಲಿ ಹಿಡಿಯುವ ಅಂಟಿನ ಹಲಗೆಗೆ ಮೆತ್ತಿಕೊಂಡ ಮರಿಯನ್ನು ಅಡುಗೆಯೆಣ್ಣೆಯಿಂದ ಬಿಡಿಸುತ್ತಾರಾದರೂ ಆ ಕೆಲಸ ಬಲ್ಲವರದು. ಇಲಿಗೂ ಅದೇ ಯಾತನೆಯಾಗುವುದರಿಂದ ಅಂಟಿನ ಹಲಗೆ ಶ್ರಾವಕರ ಮನೆಗೆ ತಕ್ಕ ವಸ್ತುವೇ ಅಲ್ಲ. ರಕ್ಷಕರು ಬರುವವರೆಗೆ ಮರಿಗೆ ಬೇಕಾದದ್ದು ನೆರಳು, ಕತ್ತಲೆ, ನಿಶ್ಶಬ್ದ. ಆಹಾರ ಬೇಡ. ಬಿಸಿಲಿನಲ್ಲಿಟ್ಟ ಡಬ್ಬಿಯೊಳಗೆ ಮರಿ ಅಲ್ಪ ಕಾಲದಲ್ಲಿಯೇ ಸಾಯುತ್ತದೆ.

ಬಿಡುವ ಸ್ಥಳದ ಬಗೆಗೂ ಒಂದು ತಪ್ಪು ಕಲ್ಪನೆಯಿದೆ. ಹತ್ತಾರು ಮೈಲಿ ದೂರದ ಕಾಡಿಗೆ ಒಯ್ದು ಬಿಟ್ಟರೆ ಪುಣ್ಯವೆಂದು ಜನ ಎಣಿಸುತ್ತಾರೆ. ಅಪರಿಚಿತ ನೆಲದಲ್ಲಿ ಅಡಗುತಾಣವನ್ನೂ ಆಹಾರವನ್ನೂ ಅರಿಯದೆ ಅಲೆಯುವ ಹಾವು ಬಹಳ ಸಲ ಬದುಕುವುದಿಲ್ಲ. ಸಿಕ್ಕಿದ ಸ್ಥಳದ ಸಮೀಪದಲ್ಲಿಯೇ, ಜನಸಂಚಾರವಿಲ್ಲದ ಬೇಲಿಯ ಬುಡಕ್ಕೋ ಪೊದೆಯ ಅಂಚಿಗೋ ಬಿಸಿಲಿಳಿದ ಮೇಲೆ ಬಿಡುವಂತೆ ರಕ್ಷಕರನ್ನು ಕೇಳಿಕೊಳ್ಳಬೇಕು.

ಒಂದು ಮರಿ ಕಂಡಲ್ಲಿ ಅದರ ಒಡಹುಟ್ಟಿದವುಗಳೂ ಇರಬಹುದು. ಆದುದರಿಂದ ಅಂದಿನಿಂದ ಒಂದೆರಡು ವಾರ ಬಚ್ಚಲ ಮೋರಿಗೆ ಸಣ್ಣ ಕಣ್ಣಿನ ಜಾಲರಿ, ಬಾಗಿಲಡಿಯ ಸಂದಿಗೆ ಬಟ್ಟೆಯ ಸುರುಳಿ, ರಾತ್ರಿ ಓಡಾಡುವಾಗ ಬ್ಯಾಟರಿ, ಮಲಗುವಾಗ ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಇವು ಇರಲಿ. ಕಟ್ಟಿಗೆಯ ರಾಶಿಯನ್ನು ಸರಿಸುವುದಾದರೆ ಹಗಲು ಹೊತ್ತಿನಲ್ಲಿ, ಉದ್ದನೆಯ ಕೋಲಿನಿಂದ, ಮೇಲಿನಿಂದ ಒಂದೊಂದಾಗಿ ಸರಿಸಬೇಕು. ಮರಿಯನ್ನು ಮುಚ್ಚಿದ್ದ ಬಕೆಟ್ಟನ್ನು ಮತ್ತೆ ಬಳಕೆಗೆ ಎತ್ತಿಕೊಳ್ಳುವ ಮುನ್ನ ಒಳಗಿನ ಅಂಚನ್ನೂ ಹಿಡಿಕೆಯ ಸಂದನ್ನೂ ಬೆಳಕಿನಲ್ಲಿ ನೋಡಿಕೊಳ್ಳಬೇಕು.