ಕಾಯಕ, ಸಂಬಳ ಮತ್ತು ಆಯುಷ್ಯ

ಕಳೆದುಹೋದ ಹಣವನ್ನು ಮನುಷ್ಯನು ಮರಳಿ ಗಳಿಸಬಹುದು. ಕೆಟ್ಟ ಬೆಳೆಯನ್ನು ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಕಳೆದ ಹೊತ್ತನ್ನು ಮಾತ್ರ ಮರಳಿ ಪಡೆಯಲಾರನು. ಆದರೂ ಸಂಸಾರಿಯಾದವನು ಹೊಟ್ಟೆಪಾಡಿಗಾಗಿ ಆ ಹೊತ್ತನ್ನೇ ಮಾರಬೇಕಾಗುತ್ತದೆ. ತಿಂಗಳ ಸಂಬಳದ ನೌಕರಿಯೆಂದರೆ ಬಹುಮಟ್ಟಿಗೆ ಇದೇ. ಈ ವ್ಯವಹಾರವು ತಕ್ಕುದೇ ಎಂಬ ಪ್ರಶ್ನೆಯು ಇಂದು ಅನೇಕ ಮನೆಗಳಲ್ಲಿ ಎದ್ದಿದೆ. ಮಗನು ನೌಕರಿಯನ್ನು ಬಿಟ್ಟು ಊರಿಗೆ ಬರುವೆನೆನ್ನುತ್ತಾನೆ. ತಪ್ಪದೆ ಬರುವ ಸಂಬಳವನ್ನು ಕೈಬಿಡುವುದು ಅವಿವೇಕವೆಂದು ತಂದೆಯು ಹೇಳುತ್ತಾನೆ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಇದನ್ನು ಶರಣರ ಕಾಯಕತತ್ವದ ಬೆಳಕಿನಲ್ಲಿ ವಿಚಾರಿಸಿ ನೋಡುವುದು ಗೃಹಸ್ಥಭಕ್ತರಿಗೆ ಅವಶ್ಯವಾಗಿದೆ.

ಮೊದಲು ಲೆಕ್ಕವನ್ನು ನೋಡಬೇಕು. ವಾರಕ್ಕೆ 168 ಗಂಟೆಗಳು. ದಿನಕ್ಕೆ ಎಂಟು ಗಂಟೆ ನಿದ್ರೆಗೆ ಹೋದರೆ ಉಳಿಯುವುದು 112. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯ್ದೆಯು ವಯಸ್ಕ ಕಾರ್ಮಿಕನ ದುಡಿಮೆಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ವಾರದಲ್ಲಿ ಆರು ದಿನ ಹೀಗೆ ದುಡಿದು, ಹೋಗಿಬರುವುದಕ್ಕೆ ದಿನಕ್ಕೆ ಎರಡು ಗಂಟೆ ಕಳೆಯುವವನ ಪಾಲಿಗೆ ಎಚ್ಚರದ ಹೊತ್ತಿನಲ್ಲಿ 60 ಗಂಟೆಗಳು, ಎಂದರೆ ಅರ್ಧಕ್ಕಿಂತ ಹೆಚ್ಚು, ನೌಕರಿಗೇ ಸಲ್ಲುತ್ತವೆ. ವರ್ಷಕ್ಕೆ 50 ವಾರಗಳಂತೆ 25ನೆಯ ವಯಸ್ಸಿನಿಂದ 60ರ ವರೆಗೆ ಎಣಿಸಿದರೆ ಒಟ್ಟು 1,05,000 ಗಂಟೆಗಳಾಗುತ್ತವೆ. ಕೈಯಲ್ಲಿಯ ದೂರವಾಣಿಯ ಮೂಲಕ ಕಚೇರಿಯು ಮನೆಯ ಪಡಸಾಲೆಗೂ ಬರುವ ಈ ಕಾಲದಲ್ಲಿ ಉಳಿದ ಹೊತ್ತೂ ಪೂರ್ಣವಾಗಿ ಮನೆಯವರದಾಗಿ ಉಳಿದಿಲ್ಲ.

ಇದಕ್ಕೆ ಪ್ರತಿಯಾಗಿ ಬರುವುದು ಸಂಬಳ. ಈ ಮಾತು ಸಂಸ್ಕೃತದ ಶಂಬಲ ಶಬ್ದದಿಂದ ಬಂದುದು. ಶಂಬಲವೆಂದರೆ ದಾರಿಯ ಬುತ್ತಿ. ಬುತ್ತಿಯಿಲ್ಲದೆ ಪಯಣವು ಸಾಗದು. ಆದರೆ ಬುತ್ತಿಯನ್ನು ಕಟ್ಟುವುದರಲ್ಲಿಯೇ ಹೊತ್ತು ಮುಳುಗಿದರೆ ಊರನ್ನು ಸೇರುವುದೆಂತು?

ಹಾಗಾದರೆ ಶರಣರು ನೌಕರಿಯನ್ನು ಹಳಿದರೇ? ಇಲ್ಲ. ಬಸವಣ್ಣನವರೇ 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿರುವರೆಂಬ ದೂರು ಬಂದಾಗ, ಲೆಕ್ಕವು ಹೊನ್ನಿಗೆ ಹೊನ್ನು ಸರಿಹೋಯಿತೆಂದು ಪುರಾಣಕಾರರು ವರ್ಣಿಸಿದ್ದಾರೆ. ಅರಸನ ಇಚ್ಛೆಗೂ ಶರಣಧರ್ಮಕ್ಕೂ ವಿರೋಧವು ಬಂದಾಗ ಅವರು ಅಧಿಕಾರವನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಒಡೆಯನಿಗೆ ದುಡಿಮೆಯನ್ನೂ ಪ್ರಾಮಾಣಿಕತೆಯನ್ನೂ ಸಲ್ಲಿಸಿದರು. ಅಂತರಂಗವನ್ನು ಮಾತ್ರ ಒತ್ತೆಯಿಡಲಿಲ್ಲ. ಆದುದರಿಂದ ಅನ್ಯರ ಕೈಕೆಳಗೆ ದುಡಿಯುವುದೇ ದೋಷವೆಂದು ತಿಳಿಯಲಾಗದು. ಹಾಗೆಯೇ ಸ್ವಂತ ಅಂಗಡಿಯನ್ನಿಟ್ಟವನು ಸ್ವತಂತ್ರನೆಂದೂ ಹೇಳಲಾಗದು. ಬೆಳಗಿನಿಂದ ನಡುರಾತ್ರಿಯವರೆಗೆ ಗಲ್ಲಾಪೆಟ್ಟಿಗೆಯನ್ನು ಬಿಟ್ಟೇಳದ ವರ್ತಕನೂ ಆಯುಷ್ಯವನ್ನು ಮಾರಿಕೊಂಡವನೇ.

ದೋಷವಿರುವುದು ಅಳತೆಯಿಲ್ಲದೆ ಮಾರುವುದರಲ್ಲಿ. ಆಯ್ದಕ್ಕಿ ಮಾರಯ್ಯನವರ ಚರಿತ್ರೆಯು ಇದನ್ನೇ ತಿಳಿಸುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ; ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಆ ದಿನದ ದಾಸೋಹಕ್ಕೂ ಮನೆಯ ಊಟಕ್ಕೂ ಎಷ್ಟು ಬೇಕೆಂಬುದನ್ನು ಆ ತಾಯಿ ಅರಿತಿದ್ದರು. ಬಡತನದಲ್ಲಿದ್ದವರು ಸಾಕೆಂದ ಮಾತಿದು; ಆದುದರಿಂದಲೇ ಇದಕ್ಕೆ ಅಷ್ಟು ಬೆಲೆ.

ನುಲಿಯ ಚಂದಯ್ಯನವರದು ಇನ್ನೊಂದು ನಿದರ್ಶನ. ಹುಲ್ಲನ್ನು ಕೊಯ್ದು, ಹಗ್ಗವನ್ನು ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಸಿದವರು ಅವರು. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಮಿಗಿಲಾಗಿ ಬಂದ ಹೊನ್ನನ್ನು ಅವರು ಒಪ್ಪಲಿಲ್ಲವೆಂದು ಹೇಳುತ್ತಾರೆ. ದುಡಿಮೆಗೆ ತಕ್ಕ ಬೆಲೆ, ಬೆಲೆಗೆ ತಕ್ಕ ದುಡಿಮೆ: ಇವೆರಡೂ ಕೂಡಿದಾಗಲೇ ಕೆಲಸವು ಕಾಯಕವಾಗುತ್ತದೆ.

ಇದನ್ನು ಕೇಳಿ, ಕೆಲಸವನ್ನೇ ಬಿಟ್ಟು ಸತ್ಸಂಗದಲ್ಲಿ ಕುಳಿತರಾಯಿತೆಂದು ಯಾರಾದರೂ ಭಾವಿಸಿದರೆ ಅದಕ್ಕೂ ಲಕ್ಕಮ್ಮನವರೇ ಉತ್ತರವಿತ್ತಿದ್ದಾರೆ. ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ ಪತಿಗೆ, ಕಾಯಕವು ನಿಂತುಹೋದುದನ್ನು ನೆನಪಿಸಿ ಎಬ್ಬಿಸಿ ಕಳುಹಿದವರೂ ಅವರೇ. ಹೆಚ್ಚು ತಂದಾಗ ತಡೆದವರು, ದುಡಿಯದಿದ್ದಾಗ ಎಚ್ಚರಿಸಿದರು. ಬಿಡುವು ಬೇಕೆಂದು ನೌಕರಿಯನ್ನು ಬಿಟ್ಟು, ಆ ಬಿಡುವನ್ನು ಆಲಸ್ಯದಲ್ಲಿ ಕಳೆದು, ಮನೆಯ ಭಾರವನ್ನು ಹಿರಿಯರ ಹೆಗಲಿಗೆ ಹೊರಿಸುವುದು ಶರಣಮಾರ್ಗವಲ್ಲ.

ಹಾಗಾದರೆ ಗೃಹಸ್ಥನು ತನ್ನ ಉದ್ಯೋಗವನ್ನು ಪರೀಕ್ಷಿಸುವುದು ಹೇಗೆ? ಈ ಕೆಲಸದಲ್ಲಿ ಅಸತ್ಯವನ್ನಾಡದೆ, ಪರರಿಗೆ ಕೇಡನ್ನು ಬಗೆಯದೆ ಇರಲು ಸಾಧ್ಯವೇ? ಬರುವ ಸಂಬಳದಲ್ಲಿ ಮನೆಯ ಅವಶ್ಯಕತೆಗಳು ನೀಗಿ ಒಂದು ಹಿಡಿಯಾದರೂ ದಾಸೋಹಕ್ಕೆ ಉಳಿಯುವುದೇ? ಸಂಜೆ ಮನೆಗೆ ಬಂದಾಗ ಲಿಂಗಪೂಜೆಗೂ ಮಕ್ಕಳೊಡನೆ ಮಾತಿಗೂ ದೇಹದಲ್ಲಿ ತ್ರಾಣವಿರುವುದೇ? ಈ ಮೂರಕ್ಕೂ ಹೌದೆನ್ನುವವನ ನೌಕರಿಯು ಕಾಯಕವೇ ಸರಿ. ಅವನು ಅದನ್ನು ಬಿಡಬೇಕಾದ ಕಾರಣವಿಲ್ಲ. ಮೊದಲನೆಯದಕ್ಕೆ ಅಲ್ಲವೆಂದಾದರೆ ಬೇರೆ ದಾರಿಯನ್ನು ಹುಡುಕಲೇಬೇಕು. ಅವಶ್ಯಕತೆಗಳು ನೀಗಿದ ಮೇಲೆಯೂ ಇನ್ನೊಂದು ನಿವೇಶನಕ್ಕಾಗಿ, ನೆರೆಯವನ ಕಾರಿಗಿಂತ ದೊಡ್ಡ ಕಾರಿಗಾಗಿ ಹೊತ್ತನ್ನು ಮಾರುತ್ತಿರುವವನು, ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯನ್ನು ನೆನೆಯಬೇಕು.

ಸಾಲದಲ್ಲಿರುವವನಿಗೂ ಹೊಲವಿಲ್ಲದವನಿಗೂ ಈ ಆಯ್ಕೆಯ ಅವಕಾಶವು ಕಡಿಮೆ. ಅಂಥವನು ದಿನದ ಹತ್ತು ಗಂಟೆ ದುಡಿದು ತಂದೆತಾಯಿಗಳ ಔಷಧಕ್ಕೂ ಮಕ್ಕಳ ಶಾಲೆಗೂ ಕೊಡುವುದು ದೊಡ್ಡ ತಪಸ್ಸೇ ಆಗಿದೆ. ಅವನನ್ನು ಆಶೆಬುರುಕನೆನ್ನುವುದು ಪಾಪ. ಅಂಥವರನ್ನು ದುಡಿಸಿಕೊಳ್ಳುವ ಭಕ್ತರೂ ಸಮಾಜದಲ್ಲಿದ್ದಾರೆ. ಆಳಿನ ಸಂಜೆಯನ್ನು ಕೂಲಿಯಿಲ್ಲದೆ ಕಸಿದುಕೊಂಡು ಮಠಕ್ಕೆ ಕಾಣಿಕೆಯನ್ನು ಅರ್ಪಿಸಿದರೆ ಅದು ದಾಸೋಹವೆನಿಸಲಾರದೆಂಬುದನ್ನು ಅವರು ಮನಗಾಣಬೇಕು.

ತಂದೆಮಕ್ಕಳ ವಾದವನ್ನು ಈ ಅಳತೆಯಿಂದಲೇ ತೀರ್ಮಾನಿಸಬಹುದು. ಊರಿಗೆ ಮರಳುವ ಮಗನು ಬೆವರು ಸುರಿಸುವ ಕಾಯಕವನ್ನು ಕೈಗೊಂಡು, ಸಾಲವನ್ನು ತೀರಿಸಿ, ಕಡಿಮೆ ಆದಾಯದಲ್ಲಿ ತೃಪ್ತನಾಗಿರಲು ಸಿದ್ಧನಿದ್ದರೆ ತಂದೆಯು ತಡೆಯಬಾರದು. ಕೆಲಸದ ಬೇಸರವೊಂದೇ ಕಾರಣವಾಗಿದ್ದರೆ ಆ ಬೇಸರವು ಊರಿಗೂ ಬೆನ್ನಟ್ಟಿ ಬರುವುದೆಂದು ಮಗನು ತಿಳಿಯಬೇಕು. ಎಷ್ಟು ಸಾಕೆಂಬುದನ್ನು ಮಾತ್ರ ಗಂಡಸರೇ ಕೂಡಿ ನಿಶ್ಚಯಿಸಬಾರದು. ಮಾರಯ್ಯನವರ ಮನೆಯಲ್ಲಿ ಆ ಅಳತೆಯನ್ನು ಗೊತ್ತುಮಾಡಿದವರು ಲಕ್ಕಮ್ಮನವರು. ವರ್ಷಕ್ಕೊಮ್ಮೆಯಾದರೂ ಸತಿಪತಿಗಳು ಮನೆಯ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು, ಹಣದ ಜೊತೆಗೆ ಹೊತ್ತಿನ ಜಮಾಖರ್ಚನ್ನೂ ಬರೆದು ನೋಡುವುದು ಒಳ್ಳೆಯದು.