ವೀಲ್‌ಚೇರ್, ವಿಮಾನ ಮತ್ತು ಒಂದು ಹಾಳೆಯ ದೂರು

ವಿಮಾನ ಪ್ರಯಾಣದಲ್ಲಿ ತೊಂದರೆ ಅನುಭವಿಸಿದ ವಿಕಲಚೇತನರ ಜೊತೆ ಕೂತು ಅವರ ದೂರುಗಳನ್ನು ಬರೆದುಕೊಡುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಿಕಲಚೇತನ ಪ್ರಯಾಣಿಕರಿಗೆಂದೇ ಪ್ರತ್ಯೇಕ ನಿಯಮಾವಳಿ ಮಾಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಇದೆ. ಆದರೆ ಡಿಜಿಸಿಎಯ ದೆಹಲಿ ಕಚೇರಿ ತಾನಾಗಿಯೇ ಎದ್ದು ಬರುವುದು ಅಪರೂಪ. ಅದರ ಮೇಜಿಗೆ ಕಾಗದ ಹೋಗಬೇಕು, ಅದೂ ಗಟ್ಟಿಯಾದ ಕಾಗದ. ಅಂಥ ಕಾಗದ ಹೇಗಿರಬೇಕೆಂದು ಈ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಟಿಕೆಟ್ ಕೊಳ್ಳುವಾಗಲೇ ದಾಖಲೆ ಹುಟ್ಟಬೇಕು.

ಯಾವ ನೆರವು ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿ. ತಡವಾದರೂ ಹೊರಡುವುದಕ್ಕೆ 48 ಗಂಟೆ ಮೊದಲು ತಿಳಿಸಿರಬೇಕು. 'ವೀಲ್‌ಚೇರ್ ಬೇಕು' ಎಂದಷ್ಟೇ ಹೇಳಿದರೆ ಸಾಲದು. ಕಂಪನಿಗಳ ಕಂಪ್ಯೂಟರಿನಲ್ಲಿ ಇದಕ್ಕೆ ಮುಖ್ಯವಾಗಿ ಮೂರು ಸಂಕೇತಗಳಿವೆ. ಮೆಟ್ಟಿಲು ಹತ್ತಬಲ್ಲ, ಆದರೆ ದೂರ ನಡೆಯಲಾರದವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲು ಹತ್ತಲಾಗದವರಿಗೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಕರೆದೊಯ್ದು ಕೂರಿಸಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಟ್ರಾವೆಲ್ ಏಜೆಂಟರು ಎಷ್ಟೋ ಸಲ ವಿಚಾರಿಸದೆ ಮೊದಲನೆಯದನ್ನೇ ಹಾಕಿಬಿಡುತ್ತಾರೆ. ಏರೋಬ್ರಿಜ್ ಇಲ್ಲದ ಕಡೆ ವಿಮಾನ ನಿಂತಾಗ, ವೀಲ್‌ಚೇರನ್ನು ವಿಮಾನದ ಬಾಗಿಲಿಗೆ ಎತ್ತುವ ಆಂಬುಲಿಫ್ಟ್ ಬಂದಿರುವುದಿಲ್ಲ. ಆಮೇಲೆ ದೂರು ಕೊಟ್ಟರೆ 'ನೀವು ಕೇಳಿದ್ದೇ ಅದು' ಎಂಬ ಉತ್ತರ ಬರುತ್ತದೆ.

2. ಹತ್ತಿಸುವುದಿಲ್ಲ ಎಂದವರಿಂದ ಕಾರಣ ಬರೆಸಿಕೊಳ್ಳಿ.

2022ರ ಮೇ ತಿಂಗಳಲ್ಲಿ ರಾಂಚಿ ನಿಲ್ದಾಣದಲ್ಲಿ ಇಂಡಿಗೋ ಸಿಬ್ಬಂದಿ ವಿಕಲಚೇತನ ಹುಡುಗನೊಬ್ಬನನ್ನು ವಿಮಾನ ಹತ್ತಲು ಬಿಡಲಿಲ್ಲ. ಹುಡುಗ ಗಾಬರಿಯಲ್ಲಿದ್ದಾನೆ, ಉಳಿದವರ ಸುರಕ್ಷತೆಗೆ ತೊಂದರೆಯಾಗಬಹುದು ಎಂಬುದು ಅವರು ಕೊಟ್ಟ ಕಾರಣ. ಸಹಪ್ರಯಾಣಿಕರು ಹುಡುಗನ ಪರ ನಿಂತರು, ಸುದ್ದಿ ದೇಶವೆಲ್ಲ ಹಬ್ಬಿತು. ಡಿಜಿಸಿಎ ತನಿಖೆ ಮಾಡಿ ಕಂಪನಿಗೆ 5 ಲಕ್ಷ ರೂಪಾಯಿ ದಂಡ ಹಾಕಿತು, ಜುಲೈನಲ್ಲಿ ನಿಯಮವನ್ನೇ ತಿದ್ದಿತು. ಈಗ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಬಿಟ್ಟುಹೋಗುವಂತಿಲ್ಲ. ಹಾರಾಟದ ನಡುವೆ ಆರೋಗ್ಯ ಕೆಡಬಹುದೆಂಬ ಅನುಮಾನ ಬಂದರೆ ವೈದ್ಯರೇ ಪ್ರಯಾಣಿಕರನ್ನು ಕಣ್ಣಾರೆ ಪರೀಕ್ಷಿಸಿ ಅಭಿಪ್ರಾಯ ಕೊಡಬೇಕು. ಅದಾದ ಮೇಲೂ ಕಂಪನಿ ನಿರಾಕರಿಸಿದರೆ, ಕಾರಣವನ್ನು ತಕ್ಷಣ ಬರೆದು ಕೊಡಬೇಕು.

ಕೌಂಟರಿನಲ್ಲಿ ನಿಂತಾಗ ಕೂಗಾಡುವುದಕ್ಕಿಂತ 'ಡಾಕ್ಟರನ್ನು ಕರೆಸಿ, ಇಲ್ಲವೇ ಬರೆದುಕೊಡಿ' ಎಂದು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಎಷ್ಟೋ ಕಡೆ ಆ ಮಾತು ಕೇಳಿದೊಡನೆ ಮ್ಯಾನೇಜರ್ ಬಂದು ಹತ್ತಿಸಿ ಕಳಿಸಿದ್ದಾರೆ.

3. ನೋವಿನ ಜೊತೆ ಗಡಿಯಾರವೂ ಇರಲಿ.

ಶಾಲಾ ಶಿಕ್ಷಕಿಯೊಬ್ಬರು ತಂದ ದೂರು ನಾಲ್ಕು ಹಾಳೆ ಇತ್ತು. 'ನನ್ನನ್ನು ಮನುಷ್ಯಳೆಂದೇ ಕಾಣಲಿಲ್ಲ' ಎಂದು ಬರೆದಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕಂಪನಿಯಿಂದ ಬಂದದ್ದು 'ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ' ಎಂಬ ಒಂದೇ ಸಾಲು. ಇಬ್ಬರೂ ಕೂತು ಮತ್ತೆ ಬರೆದೆವು: '9.40ಕ್ಕೆ ವಿಮಾನದ ಬಾಗಿಲು ತೆರೆಯಿತು. 9.55ಕ್ಕೆ ಉಳಿದವರೆಲ್ಲ ಇಳಿದಿದ್ದರು. 10.20ಕ್ಕೆ ಎಸಿ ನಿಲ್ಲಿಸಿದರು. ಶೌಚಾಲಯಕ್ಕೆ ಹೋಗಬೇಕೆಂದು ಎರಡು ಸಲ ಕೇಳಿದೆ. "ಐಲ್ ಚೇರ್ ಇಲ್ಲ ಮೇಡಂ" ಎಂದರು. 10.50ಕ್ಕೆ ವೀಲ್‌ಚೇರ್ ಬಂತು.' ಕೆಳಗೆ ಟಿಕೆಟ್ಟಿನ ಪಿಎನ್‌ಆರ್, ಸೀಟ್ ನಂಬರ್, ಏನು ಪರಿಹಾರ ಬೇಕೆಂಬ ಒಂದು ಸಾಲು, ಆ ಹೊತ್ತಿನ ಸಿಸಿಟಿವಿ ದೃಶ್ಯ ಅಳಿಸಬೇಡಿ ಎಂಬ ಇನ್ನೊಂದು ಸಾಲು. ಈ ಸಲ ಕಂಪನಿಯ ನೋಡಲ್ ಅಧಿಕಾರಿ ಆ 55 ನಿಮಿಷಕ್ಕೆ ಲೆಕ್ಕ ಹೇಳಲೇಬೇಕಾಯಿತು.

4. ಬಾಗಿಲು ಸರಿಯಾಗಿ ತಟ್ಟಿ.

ನೆರವು ಸಿಗದಿದ್ದರೆ ಕಂಪನಿಗೆ ಬರೆಯಿರಿ. ಮೊದಲು ನೋಡಲ್ ಅಧಿಕಾರಿ, ಆಮೇಲೆ ಮೇಲ್ಮನವಿ ಪ್ರಾಧಿಕಾರ. ಜೊತೆಗೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪಿನಲ್ಲೂ ದಾಖಲಿಸಿ. ಲಿಫ್ಟ್, ರ‍್ಯಾಂಪ್, ಶೌಚಾಲಯದ ದೂರು ನಿಲ್ದಾಣಕ್ಕೆ. ಭದ್ರತಾ ತಪಾಸಣೆಯ ದೂರು ಅಲ್ಲಿ ತಪಾಸಣೆ ಮಾಡುವ ಸಿಐಎಸ್‌ಎಫ್‌ಗೆ. ಪ್ರತಿ ಸಲವೂ ಕೃತಕ ಕಾಲು ಬಿಚ್ಚಿಸುತ್ತಾರೆಂದು ನರ್ತಕಿ ಸುಧಾ ಚಂದ್ರನ್ 2021ರಲ್ಲಿ ಪ್ರಧಾನಿಗೇ ಮನವಿ ಮಾಡಿದಾಗ ಕ್ಷಮೆ ಕೇಳಿದ್ದು ಸಿಐಎಸ್‌ಎಫ್. ಇನ್ನೊಂದು ಮಾತು: ಹಲವರು ಬೆಂಗಳೂರಿನಲ್ಲಿರುವ, ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆದು ಕಾಯುತ್ತಾರೆ. ವಿಮಾನಯಾನ ಕೇಂದ್ರದ ವಿಷಯ, ಅರ್ಜಿ ದೆಹಲಿಯ ಮುಖ್ಯ ಆಯುಕ್ತರಿಗೆ ಹೋಗಬೇಕು. ಅವರು ಶಿಫಾರಸು ಮಾಡಿದರೆ ಏನು ಕ್ರಮ ಕೈಗೊಂಡೆವೆಂದು ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳಲ್ಲಿ ತಿಳಿಸಬೇಕು.

5. ವೀಲ್‌ಚೇರ್ ಮುರಿದಿದ್ದರೆ ನಿಲ್ದಾಣ ಬಿಡಬೇಡಿ.

ಬ್ಯಾಗೇಜ್ ಕೌಂಟರಿನಲ್ಲೇ ವರದಿ ಬರೆಸಿ, ಪ್ರತಿ ಪಡೆಯಿರಿ. ಒಪ್ಪಿಸುವ ಮೊದಲು ಜಾಯ್‌ಸ್ಟಿಕ್, ಚಕ್ರ, ಬ್ಯಾಟರಿ ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಂಡವರು ಗೆದ್ದಿದ್ದಾರೆ, ತೆಗೆಯದವರು ಒದ್ದಾಡಿದ್ದಾರೆ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರು ಏಳು ದಿನದೊಳಗೆ ಲಿಖಿತವಾಗಿ ಹೋಗಬೇಕು.

6. ದಂಡ ಬೇರೆ, ಪರಿಹಾರ ಬೇರೆ.

ನೊಂದವರಿಗೆ ಇದನ್ನು ಹೇಳುವುದೇ ಕಷ್ಟ. 2024ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದಿಳಿದ 80 ವರ್ಷದ ಹಿರಿಯರೊಬ್ಬರು, ದಂಪತಿಗೆ ಒಂದೇ ವೀಲ್‌ಚೇರ್ ಸಿಕ್ಕಿದ್ದರಿಂದ ಹೆಂಡತಿಯ ಜೊತೆ ನಡೆದು ಹೋಗುವಾಗ ಕುಸಿದು ತೀರಿಕೊಂಡರು. ಡಿಜಿಸಿಎ ಏರ್ ಇಂಡಿಯಾಗೆ 30 ಲಕ್ಷ ದಂಡ ಹಾಕಿತು. ಅಂಥ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಪ್ರಯಾಣಿಕರ ಕುಟುಂಬಕ್ಕಲ್ಲ.

ಪರಿಹಾರ ಬೇಕಿದ್ದರೆ ನ್ಯಾಯದ ಮೆಟ್ಟಿಲು ಹತ್ತಲೇಬೇಕು. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ಕೊಲ್ಕತ್ತದಲ್ಲಿ ಸ್ಪೈಸ್‌ಜೆಟ್ ವಿಮಾನದಿಂದ ಇಳಿಸಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಕೊಡಿಸಿತು. ಎಲ್ಲರೂ ಸುಪ್ರೀಂ ಕೋರ್ಟಿಗೆ ಹೋಗಬೇಕಿಲ್ಲ. ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಟಿಕೆಟ್ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಡಿಜಿಸಿಎ ಅಥವಾ ಏರ್‌ಸೇವಾದಿಂದ ಬಂದ ಉತ್ತರವನ್ನು, ಅದು ಎಷ್ಟೇ ಒಣ ಉತ್ತರವಾಗಿರಲಿ, ಜೋಪಾನ ಮಾಡಿ. ಆಯೋಗದ ಮುಂದೆ ಅದೇ ಸಾಕ್ಷಿ.

7. ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಅಲ್ಲಿನ ಕಾನೂನೂ ಇದೆ.

ಮಗನ ಮನೆಗೆ, ಮಗಳ ಬಾಣಂತನಕ್ಕೆ ಹೊರಟ ಹಿರಿಯರು ವೀಲ್‌ಚೇರ್ ಕೇಳುವುದು ಈಗ ಸಾಮಾನ್ಯ. ಅಮೆರಿಕಕ್ಕೆ ಹೋಗಿ ಬರುವ ವಿದೇಶಿ ಕಂಪನಿಗಳ ವಿಮಾನಗಳಿಗೂ ವಿಕಲಚೇತನ ವಿಮಾನ ಪ್ರಯಾಣಿಕರ ಕುರಿತ ಅಲ್ಲಿನ 1986ರ ಕಾಯ್ದೆ ಅನ್ವಯಿಸುತ್ತದೆ. ತಕರಾರು ಬಂದಾಗ ದೂರು ಪರಿಹಾರ ಅಧಿಕಾರಿಯನ್ನು, ಅವರ ಭಾಷೆಯಲ್ಲಿ ಸಿಆರ್‌ಒ, ಕೇಳಿ. ಖುದ್ದಾಗಿಯಾಗಲಿ ಫೋನಿನಲ್ಲಾಗಲಿ ಕಂಪನಿ ಅವರನ್ನು ಸಂಪರ್ಕಿಸಿಕೊಡಲೇಬೇಕು. ಅಂಗವೈಕಲ್ಯದ ಪ್ರತಿಯೊಂದು ದೂರನ್ನೂ ಅಲ್ಲಿನ ಸಾರಿಗೆ ಇಲಾಖೆ ತನಿಖೆ ಮಾಡಬೇಕೆಂದು ಕಾನೂನೇ ಹೇಳುತ್ತದೆ. 2024ರ ಅಕ್ಟೋಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್‌ಗೆ ಆ ಇಲಾಖೆ ವಿಧಿಸಿದ ದಂಡ 5 ಕೋಟಿ ಡಾಲರ್. ನಮ್ಮ ಲಕ್ಷಗಳ ದಂಡಕ್ಕೆ ದೊಡ್ಡ ಕಂಪನಿಗಳು ಹೆದರುತ್ತವೆಂದು ನನಗೆ ಅನ್ನಿಸುವುದಿಲ್ಲ. ಅದು ಹೆಚ್ಚಬೇಕು.

8. ದೂರಿನ ವಿಷಯದಲ್ಲಿ 'ಅಂಗವೈಕಲ್ಯ' ಎಂದೇ ಬರೆಯಿರಿ.

ಡಿಜಿಸಿಎ ಪ್ರತಿ ತಿಂಗಳು ದೂರುಗಳನ್ನು ವಿಂಗಡಿಸಿ ಪ್ರಕಟಿಸುತ್ತದೆ. ವಿಮಾನದ ಸಮಸ್ಯೆ, ಬ್ಯಾಗೇಜ್, ಮರುಪಾವತಿಗಳ ಸಾಲಿನಲ್ಲಿ ಅಂಗವೈಕಲ್ಯಕ್ಕೂ ಒಂದು ಜಾಗವಿದೆ. ಅದರ ಪಾಲು ತೀರಾ ಚಿಕ್ಕದಾಗಿ ಕಾಣುತ್ತದೆ. ನನ್ನ ಬಳಿ ಬರುವವರಲ್ಲಿ ಬಹಳ ಜನ ದೂರನ್ನೇ ಕೊಟ್ಟಿರುವುದಿಲ್ಲ. ಕೊಟ್ಟವರೂ ಅದನ್ನು 'ಸಿಬ್ಬಂದಿ ವರ್ತನೆ' ಅಥವಾ 'ಗ್ರಾಹಕ ಸೇವೆ' ಎಂದು ದಾಖಲಿಸಿರುತ್ತಾರೆ. ಹೀಗಾದರೆ ಸಮಸ್ಯೆಯೇ ಇಲ್ಲವೆಂದು ಸರ್ಕಾರ ತಿಳಿಯುತ್ತದೆ. ನಿಮಗೆ ಪರಿಹಾರ ಬೇಡವಾಗಿದ್ದರೂ ಸರಿ, ಒಂದು ಹಾಳೆ ಬರೆದು, ಸರಿಯಾದ ವಿಭಾಗ ಆರಿಸಿ, ದಯವಿಟ್ಟು ದೂರು ದಾಖಲಿಸಿ.